ಮುತ್ತುಸೆಲ್ವಿಯ ಚೊಪ್ಪು ಸಾಮಾನು

ನಲವತ್ತು ದಾಟಿದ ಹೆಂಗಸೊಬ್ಬಳು ಆರು ವರ್ಷದ ಮಗುವಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಾಳೆ ಎಂದು ಯಾರಾದರೂ ಹೇಳಿದ್ದರೆ ಜೆಯಂತಿ ಬಿದ್ದು ಬಿದ್ದು ನಗುತ್ತಿದ್ದಳು. ಉತ್ತಮಪಾಳಯದ ತವರಿಗೆ ಬಂದು ಎರಡನೇ ವಾರ ಮುಗಿಯುವ ಹೊತ್ತಿಗೆ ಆ ನಗು ಮಾಯವಾಗಿತ್ತು.

ಬಂದದ್ದು ಅವ್ವನ ಕಣ್ಣಿಗಾಗಿ. ಮುತ್ತುಸೆಲ್ವಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಒಲೆಯ ಮುಂದೆ ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಹೊತ್ತುಹೊತ್ತಿಗೆ ಮದ್ದು ಬಿಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ತಮ್ಮ ಸುಂದರ್ ಬಾಳೆಗೊನೆ ಲೋಡು ಮಾಡಿಸಲು ಕೋಳಿ ಕೂಗುವ ಮುಂಚೆ ಮನೆ ಬಿಡುವವನು. ಅವನ ಹೆಂಡತಿ ತೇನ್‌ಮೊಳಿ ಸ್ಕೂಲ್ ಟೀಚರ್. ಅಪ್ಪ ಮಾಯಾಂಡಿಗೆ ಒಂದು ಲೋಟ ನೀರು ಕಾಯಿಸಲೂ ಬರುವುದಿಲ್ಲ. ಹೀಗಾಗಿ ಜೆಯಂತಿ ಗಂಡ ಮುತ್ತುಕುಮಾರನನ್ನು ದಿಂಡಿಗಲ್ಲಿನ ಅವನ ಬೀಗದ ಅಂಗಡಿಗೂ ಪಕ್ಕದ ಹೋಟೆಲಿನ ಇಡ್ಲಿಗೂ ಒಪ್ಪಿಸಿ ಬಸ್ಸು ಹತ್ತಿದ್ದಳು.

ಆ ಮನೆಯ ಪಡಸಾಲೆಯಲ್ಲಿ ಒಂದು ಗಾಜಿನ ಬೀರು. ಅದರ ತುಂಬ ಚೊಪ್ಪು ಸಾಮಾನು. ಹೆಣ್ಣುಮಕ್ಕಳು ಅಡುಗೆಯಾಟ ಆಡುವ ಪುಟಾಣಿ ಪಾತ್ರೆಗಳಿಗೆ ಆ ಸೀಮೆಯಲ್ಲಿ ಹಾಗೆನ್ನುತ್ತಾರೆ. ಮುತ್ತುಸೆಲ್ವಿ ಮದುವೆಯಾಗಿ ಬಂದಾಗಿನಿಂದ ಅದನ್ನು ಕೂಡಿಹಾಕಿಕೊಂಡು ಬಂದವಳು. ಮದುವೆಗೆ ಹೋಗಲಿ, ಸಾವಿಗೆ ಹೋಗಲಿ, ಬರುವಾಗ ಸೆರಗಿನ ಗಂಟಿನಲ್ಲಿ ಒಂದು ಪುಟ್ಟ ಪಾತ್ರೆ ಇರಲೇಬೇಕು. ಹಿತ್ತಾಳೆಯ ಇಡ್ಲಿ ಪಾತ್ರೆ, ಮರದ ಒನಕೆ, ಕಲ್ಲಿನ ರುಬ್ಬುಗುಂಡು, ಬಣ್ಣ ಬಳಿದ ಮೊರ, ಹೆಬ್ಬೆರಳುದ್ದದ ಸೌಟು. ಬೀದಿಯ ಹೆಂಗಸರೆಲ್ಲ ಚಿನ್ನ ಸೇರಿಸಿದರೆ ಇವಳು ಚೊಪ್ಪು ಸೇರಿಸಿದಳು. ಅದೂ ಆಡಲಿಕ್ಕಲ್ಲ, ನೋಡಲಿಕ್ಕೆ. ಪೊಂಗಲ್ ಹಬ್ಬದ ಮುಂಚೆ ತಾನೇ ಎಲ್ಲ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಇದ್ದ ಜಾಗಕ್ಕೇ ಇಡುವಳು. ಬೇರೆಯವರು ಗಾಜಿನ ಮೇಲೆ ಬೆರಳಿಡುವಂತಿರಲಿಲ್ಲ.

ಈ ಕಾನೂನು ಜೆಯಂತಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿಲ್ಲ. ಎಂಟು ವರ್ಷದವಳಿದ್ದಾಗ ಒಮ್ಮೆ ಆ ಕಲ್ಲಿನ ರುಬ್ಬುಗುಂಡನ್ನು ಲಂಗದಲ್ಲಿ ಬಚ್ಚಿಟ್ಟುಕೊಂಡು ಪಕ್ಕದ ಮನೆಗೆ ಆಡಲು ಒಯ್ದಿದ್ದಳು. ಅವ್ವ ಹುಡುಕಿಕೊಂಡು ಬಂದು, ಬೀದಿಯ ಮಕ್ಕಳೆಲ್ಲ ನೋಡುತ್ತಿದ್ದಂತೆ, ಅಂಗೈ ಬಿಚ್ಚಿಸಿ ಬಾರಿಸಿದ್ದಳು. ಕೈ ಬಾತುಕೊಂಡು ಅನ್ನ ಕಲಸಲೂ ಆಗಲಿಲ್ಲ. ಅಪ್ಪ ತುತ್ತು ಮಾಡಿ ತಿನ್ನಿಸಬೇಕಾಯಿತು.

ಕಣ್ಣಿನ ಕಟ್ಟು ಬಿಚ್ಚಿದ ದಿನ ಮುತ್ತುಸೆಲ್ವಿ ಪಡಸಾಲೆಗೆ ಬಂದು ಬೀರುವಿನ ಮುಂದೆ ನಿಂತಳು.

"ಅಯ್ಯಯ್ಯೋ, ಇಷ್ಟು ಧೂಳಾ! ಯಾರೂ ಒರಸ್ಲಿಲ್ಲವಾ?"

"ಯಾರು ಒರಸ್ತಾರೆ? ಮುಟ್ಟಿದ್ರೆ ಕೈ ಮುರೀತಿದ್ಯಲ್ಲ" ಎಂದಳು ಜೆಯಂತಿ.

ಮಧ್ಯಾಹ್ನ ಊಟಕ್ಕೆ ಕೂತಾಗ ಮುದುಕಿ ಸಾರು ಕಲಸಿಕೊಳ್ಳುತ್ತಲೇ ಹೇಳಿದಳು: "ಸಾಕು. ಆ ಚೊಪ್ಪೆಲ್ಲ ಕೊಟ್ಬುಡ್ತೀನಿ."

ಸುಂದರ್‌ನ ಕೈ ಬಾಯಿಯ ಹತ್ತಿರವೇ ನಿಂತಿತು. "ಯಾರ್ಗವ್ವ?"

"ಬೇಕಾದೋರ್ಗೆ."

"ನನ್ಗೆ ಒಂದು ಲೋಟ ಕೊಡು" ಎಂದ ಮಾಯಾಂಡಿ. "ನಿನ್ ಮಗಳು ಹಾಕ್ಕೊಡೋ ಕಾಪಿಗೆ ಅದೇ ಸರ್ಯಾದ ಅಳ್ತೆ."

ಎಲ್ಲರೂ ನಕ್ಕರು. ಜೆಯಂತಿಯೂ ನಕ್ಕಳು, ನಗುತ್ತಲೇ ಬೀರುವಿನ ಕಡೆ ನೋಡಿದಳು. ಇಷ್ಟು ವರ್ಷ ಗಾಜಿನ ಆಚೆ ಇದ್ದದ್ದು ಈಚೆ ಬರುತ್ತದೆ. ಅವ್ವ ತನ್ನನ್ನು ಕರೆದು, ತಗೋ ಎಂದು ಒಂದಾದರೂ ಕೈಗೆ ಇಡುತ್ತಾಳೆ. ತಾನಾಗಿ ಕೇಳುವಂತಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ. ಸೀರು ಎಂದು ಬಳುವಳಿ ಕೊಟ್ಟು ಕಳಿಸಿದ ಮೇಲೆ ತವರಿನ ಸಾಮಾನಿಗೆ ಬೆರಳು ತೋರಿಸುವ ಹೆಣ್ಣನ್ನು ಅವರ ಜನ ಆಡಿಕೊಳ್ಳುತ್ತಾರೆ. ಅವ್ವ ತಾನಾಗಿ ಕೊಡಬೇಕು. ಜೆಯಂತಿಗೆ ಬೇಕಾಗಿದ್ದದ್ದೂ ಅದೇ, ಅವ್ವ ತಾನಾಗಿ ಕೊಡುವುದು.

ಕೊಟ್ಟಳು. ಮೊಮ್ಮಗಳಿಗೆ.

ಮಾರನೆಯ ಸಂಜೆ ಸ್ಕೂಲಿನಿಂದ ಬಂದ ಯಾಳಿನಿ ಬ್ಯಾಗು ಎಸೆದು, "ಅಪ್ಪತ್ತಾ, ನಾನು ಎತ್ಕೊಳ್ಳಲಾ?" ಎಂದಳು. ಅಜ್ಜಿಯನ್ನು ಅವಳು ತಮಿಳಿನ ಹಾಗೆ ಅಪ್ಪತ್ತಾ ಎಂದೇ ಕರೆಯುವುದು. "ಎತ್ಕೊ ಕಣ್ಣು" ಎಂದಳು ಮುತ್ತುಸೆಲ್ವಿ. ಅಷ್ಟೇ. ಹತ್ತು ನಿಮಿಷದಲ್ಲಿ ಹಿತ್ತಾಳೆಯ ಇಡ್ಲಿ ಪಾತ್ರೆ ಹಿತ್ತಿಲ ಮಣ್ಣಿನಲ್ಲಿತ್ತು. ಕಲ್ಲಿನ ರುಬ್ಬುಗುಂಡಿನಲ್ಲಿ ಮಗು ದಾಸವಾಳದ ಎಲೆ ಅರೆಯುತ್ತಿತ್ತು.

"ಅವ್ವ, ಮಣ್ಣಲ್ಲಿ ಹೊರಳಾಡಿಸ್ತಾವ್ಳೆ ನೋಡು."

"ಹೊರಳಾಡಿಸ್ಲಿ ಬುಡು. ಮಗು ತಾನೆ."

"ನಾನೂ ಮಗೂನೇ ಆಗಿದ್ದೆ."

"ಏನಂದೆ?"

"ಏನಿಲ್ಲ. ಕಣ್ಗೆ ಮದ್ದು ಬಿಡ್ಬೇಕು, ಮಲಕ್ಕೊ."

ಮದ್ದು ಬಿಡುವಾಗ ಜೆಯಂತಿಯ ಕಣ್ಣು ಹಿತ್ತಿಲ ಕಡೆಗೇ ಹೋಗಿ ಎರಡು ಹನಿ ಕೆನ್ನೆಗೆ ಬಿದ್ದವು.

ಅಲ್ಲಿಂದ ಮುಂದೆ ಅವಳಿಗೆ ಎಲ್ಲದರಲ್ಲೂ ಅವ್ವನ ಪಕ್ಷಪಾತವೇ ಕಂಡಿತು. ಆ ಮನೆಯ ಸೊಸೆ ತೇನ್‌ಮೊಳಿ ಹೊರಗಿನವಳಲ್ಲ, ಮುತ್ತುಸೆಲ್ವಿಯ ಖಾಸಾ ತಮ್ಮ ಮೂಕಯ್ಯನ ಮಗಳು. ತಮ್ಮನ ಮಗಳನ್ನು ಮಗನಿಗೆ ತಂದುಕೊಳ್ಳುವುದು ಅವರಲ್ಲಿ ಹಕ್ಕು. ಜೆಯಂತಿಗೆ ತಕ್ಕ ಮಾವನ ಮಗ ಇರಲಿಲ್ಲವಾಗಿ ಅವಳು ದಿಂಡಿಗಲ್ಲಿನ ಹೊರಸಂಬಂಧಕ್ಕೆ ಹೋದಳು. ತನ್ನನ್ನು ಹೊರಗೆ ಕಳಿಸಿ, ತವರಿನ ರಕ್ತವನ್ನು ಒಳಗೆ ತಂದುಕೊಂಡಳು ಅವ್ವ ಎಂದು ಅವಳು ಯಾವತ್ತೋ ತೀರ್ಮಾನಿಸಿದ್ದಳು. ಯಾಳಿನಿ ಎಂದರೆ ಮಗನ ಮಗಳೂ ಹೌದು, ತಮ್ಮನ ಮೊಮ್ಮಗಳೂ ಹೌದು. ಎರಡು ಕಡೆಯಿಂದ ತೂಕ. ತಕ್ಕಡಿಯಲ್ಲಿ ಜೆಯಂತಿಯ ತಟ್ಟೆ ಮೇಲೇಳದೆ ಇನ್ನೇನಾದೀತು?

"ಮದಿನಿ, ಸಾರಿಗೆ ಹುಳಿ ಕೊಂಚ ಮುಂದಾಯ್ತು" ಎಂದಳು ಒಂದು ದಿನ ತೇನ್‌ಮೊಳಿ. ಮದಿನಿ ಎಂದರೆ ಅತ್ತಿಗೆ. ಗಂಡನ ಅಕ್ಕನನ್ನು ಅವಳು ಕರೆಯುವುದು ಹಾಗೆ. ಮಾತಿನಲ್ಲಿ ಕೆಡುಕೇನೂ ಇರಲಿಲ್ಲ.

"ಹುಳಿ ಮುಂದಾದ್ರೆ ನೀನೇ ರಜ ಹಾಕಿ ಮಾಡು. ನಾನೇನು ಸಂಬಳಕ್ಕೆ ಬಂದವಳಾ?"

"ಅಯ್ಯೋ ಮದಿನಿ, ನಾ ಹಂಗೆ ಹೇಳ್ನಿಲ್ಲ."

"ಹೆಂಗೂ ಹೇಳ್ಬೇಡ."

ತೇನ್‌ಮೊಳಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. "ನಮ್ಮಕ್ಕನ್ಗೆ ಏನಾಗೈತೆ?" ಎಂದು ಸುಂದರ್ ಅಪ್ಪನನ್ನು ಕೇಳಿದ. "ದಿಂಡಿಗಲ್ ನೀರು" ಎಂದು ಮಾಯಾಂಡಿ ಉಪ್ಪಿನಕಾಯಿ ಚೀಪಿದ.

ಚೊಪ್ಪು ಒಂದೊಂದಾಗಿ ಖಾಲಿಯಾಗುತ್ತ ಬಂತು. ಹಾಲಿನ ಪಾಂಡಿಯ ಮಗಳಿಗೆ ತಾಮ್ರದ ಕೊಡ. ಮೂಕಯ್ಯ ಮಾವ ಒಂದು ಬುಟ್ಟಿ ದ್ರಾಕ್ಷಿ ತಂದು ಅಕ್ಕನ ಕಣ್ಣು ನೋಡಿಕೊಂಡು ಹೋದಾಗ ಆ ಬುಟ್ಟಿಯಲ್ಲೇ ಮರದ ಸಾಮಾನಿನ ಇಡೀ ಸೆಟ್ಟು. ಮಣ್ಣಿನವು ಯಾಳಿನಿಯ ಕೈಯಲ್ಲಿ ಒಡೆದವು. ಒಡೆದಾಗಲೂ ಮುದುಕಿ ಗದರಲಿಲ್ಲ. "ಹೋದ್ರೆ ಹೋಯ್ತು" ಎಂದಳು. ಮೂವತ್ತು ಚಿಲ್ಲರೆ ವರ್ಷದ ಹಿಂದೆ ಈ ಮಾತು ಎಲ್ಲಿ ಹೋಗಿತ್ತು ಎಂದು ಜೆಯಂತಿ ಪಾತ್ರೆ ತಿಕ್ಕುತ್ತ ಹಲ್ಲು ಕಡಿದಳು. ಮಾವ ಕೊಟ್ಟ ದ್ರಾಕ್ಷಿಯಲ್ಲಿ ಒಂದನ್ನೂ ಅವಳು ಬಾಯಿಗಿಡಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಇಡ್ಲಿಗೆ ಉದ್ದು ರುಬ್ಬುತ್ತ ಬಾಯಿ ತಡೆಯದಾಯಿತು.

"ಎಲ್ಲರ್ಗೂ ಕೊಟ್ಟೆ. ಹಾಲಿನೋನ ಮಗಳ್ಗೂ ಕೊಟ್ಟೆ."

"ನಿನ್ಗೆ ಬೇಕಾಡಿ?" ಎಂದಳು ಮುತ್ತುಸೆಲ್ವಿ, ನೆಟ್ಟಗೆ ಮುಖ ನೋಡಿ.

ಬೇಕು ಎನ್ನಲು ಎಷ್ಟು ಹೊತ್ತು? ಆದರೆ ಕೇಳಿಸಿಕೊಂಡು ಕೊಟ್ಟರೆ ಅದು ಕೊಟ್ಟಂತಲ್ಲ. ಜೆಯಂತಿ ಗ್ರೈಂಡರಿನ ಮುಚ್ಚಳ ತೆಗೆದು ಹಿಟ್ಟು ನೋಡಿದಳು.

"ನನ್ಗೇನಕ್ಕೆ? ನಮ್ಮನೇಲಿ ಯಾರವ್ರೆ ಆಡಕ್ಕೆ? ಒಬ್ಬ ಮಗ, ಅವ್ನೂ ಹಾಸ್ಟೆಲ್ಲು."

"ಸೆರಿ" ಎಂದಳು ಅವ್ವ. ಅಲ್ಲಿಗೆ ಆ ಮಾತು ಮುಗಿಯಿತು.

ಮುಂದಿನ ಭಾನುವಾರ ಬೀದಿಯ ಹೆಣ್ಣುಮಕ್ಕಳೆಲ್ಲ ಸೇರಿ ಕೂಟಾಂಚೋರು ಮಾಡಿದರು. ಒಬ್ಬೊಬ್ಬರೂ ಮನೆಯಿಂದ ಒಂದು ಹಿಡಿ ಅಕ್ಕಿ, ಒಂದು ಚಿಟಿಕೆ ಬೇಳೆ ತಂದು, ಹಿತ್ತಿಲಲ್ಲಿ ಮೂರು ಇಟ್ಟಿಗೆ ಹೂಡಿ, ನಿಜವಾದ ಬೆಂಕಿಯಲ್ಲಿ ಅನ್ನ ಬೇಯಿಸಿ ಹಂಚಿಕೊಂಡು ತಿನ್ನುವ ಆಟ ಅದು. ತೇನ್‌ಮೊಳಿ ವಾರದ ಬಟ್ಟೆಯ ಮಂಕರಿ ಹೊತ್ತು ಮಹಡಿಗೆ ಹೊರಟವಳು ಜೆಯಂತಿಯ ಹತ್ತಿರ ನಿಂತಳು.

"ಮದಿನಿ, ನೀವು ಇಲ್ಲೇ ಕುಂತಿರಿ. ಬೆಂಕಿ ಐತೆ, ಮಕ್ಕಳನ್ನ ನೋಡ್ಕೊಳ್ಳಿ."

"ಕುಂತಿರ್ತೀನಿ ಹೋಗು."

ಜೆಯಂತಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹಿತ್ತಿಲ ಕಟ್ಟೆಯ ಮೇಲೆ ಕೂತಳು. ಅವ್ವ ಒಳಗೆ ಮಲಗಿದ್ದಾಳೆ ಎಂದುಕೊಂಡಿದ್ದಳು. ಅನ್ನ ಬೆಂದಿತು. ಕೆಂಡ ನಿಗಿನಿಗಿ ಎನ್ನುತ್ತಿತ್ತು. "ಇನ್ನು ರಸ!" ಎಂದು ಯಾಳಿನಿ ಒಳಗೆ ಓಡಿದವಳು ಈಯದ ಚೊಂಬು ಹಿಡಿದುಕೊಂಡು ಬಂದಳು.

ಜೆಯಂತಿಯ ಬೆರಳು ಅಕ್ಕಿಯಲ್ಲೇ ನಿಂತುಬಿಟ್ಟಿತು. ಆ ಬೀರುವಿನಲ್ಲಿ ಎಲ್ಲಕ್ಕೂ ಮೇಲಿನ ಅಂತಸ್ತಿನಲ್ಲಿ ಇದ್ದದ್ದು ಅದು. ಪಾತ್ರೆ ಮಾರುವ ಒಬ್ಬ ಮುದುಕನ ಬೆನ್ನು ಬಿದ್ದು ಅವ್ವ ಮಾಡಿಸಿಕೊಂಡಿದ್ದಳು. ಈಯವೆಂದರೆ ಕಲಾಯಿಗೆ ಬಳಸುವ ತವರ ಲೋಹ. ದೊಡ್ಡ ಚೊಂಬಿನದೇ ಅಚ್ಚು, ನಿಂಬೆಹಣ್ಣಿನ ಗಾತ್ರ. ಉಳಿದುದೆಲ್ಲ ಎಲ್ಲೆಲ್ಲೋ ಸಿಗುತ್ತದೆ, ಅಂಥದ್ದು ಇನ್ನೆಲ್ಲೂ ಸಿಗದು.

ರಸವೆಂಬ ತಿಳಿಸಾರು ಈಯದ ಚೊಂಬಿನಲ್ಲಿ ಕುದಿದರೇ ರುಚಿ ಎಂದು ಆ ಕಡೆಯ ಹೆಂಗಸರು ಆಣೆ ಮಾಡಿ ಹೇಳುತ್ತಾರೆ. ಆದರೆ ಅದಕ್ಕೊಂದು ಕಟ್ಟುನಿಟ್ಟು ಉಂಟು. ಮೊದಲು ಹುಳಿನೀರು ಹುಯ್ಯಬೇಕು, ಆಮೇಲೆ ಬೆಂಕಿಗೆ ಇಡಬೇಕು. ಬರಿಚೊಂಬನ್ನು ಇಟ್ಟರೆ ಈಯ ಕರಗಿ ಇಳಿದುಹೋಗುತ್ತದೆ. ಮದುವೆಯಾದ ಹೊಸತರಲ್ಲಿ ಒಂದು ಚೊಂಬು ಕರಗಿಸದ ಸೊಸೆ ಆ ಸೀಮೆಯಲ್ಲಿ ಕಡಿಮೆ. ಆರು ವರ್ಷದ ಮಗುವಿಗೆ ಏನು ತಿಳಿದೀತು?

"ಏ, ನೀ ಹುಣಸೆಹಣ್ಣು ಕಲಸ್ಕೊಂಡು ಬಾ" ಎಂದು ಗೆಳತಿಯನ್ನು ನಲ್ಲಿಯ ಹತ್ತಿರ ಓಡಿಸಿ, ಯಾಳಿನಿ ಬರಿಚೊಂಬನ್ನು ಕೆಂಡದ ಮೇಲೆ ಇಟ್ಟಳು.

ಜೆಯಂತಿ ಬಾಯಿ ತೆರೆದಳು. ಒಂದು ಮಾತು ಸಾಕಿತ್ತು. 'ನೀರು ಹುಯ್ಯೇ' ಎಂದರೆ ಮುಗಿಯುತ್ತಿತ್ತು. ಆದರೆ ತೆರೆದ ಬಾಯಿಯನ್ನು ಅವಳು ಮುಚ್ಚಿಕೊಂಡಳು. ಕರಗಲಿ, ಎಂದುಕೊಂಡಳು. ನನಗಿಲ್ಲದ್ದು ಯಾರಿಗೂ ಬೇಡ.

ಮೊದಲು ಚೊಂಬಿನ ತಳ ಹೊಳೆಯಿತು. ಆಮೇಲೆ ಒಂದು ಪಕ್ಕ ಮೆಲ್ಲಗೆ ಕುಸಿಯಿತು, ಕಂಠ ಓರೆಯಾಯಿತು, ಬೆಳ್ಳಗಿನ ಹನಿಗಳು ಬೂದಿಯೊಳಕ್ಕೆ ಉರುಳಿದವು. ಮಕ್ಕಳು ಕಿಟಾರನೆ ಕಿರುಚಿದರು. ತೇನ್‌ಮೊಳಿ ಒದ್ದೆ ಕೈಯಲ್ಲೇ ಮೆಟ್ಟಿಲಿಳಿದು ಓಡಿ ಬಂದು, ಮಗಳನ್ನು ಈಚೆ ಎಳೆದು, ಬೆನ್ನಿಗೆ ಒಂದು ಬಿಗಿದಳು.

"ಅದನ್ಯಾಕ್ಡಿ ಎತ್ತಿದೆ? ಯಾರ ಕೇಳಿ ಎತ್ತಿದೆ?"

"ಸಾಮಿ ಮುಂದೆ ಇತ್ತು..." ಮಗು ಬಿಕ್ಕಿತು. "ಅತ್ತೆ ನೋಡ್ತಾನೇ ಇದ್ರು, ಏನೂ ಅನ್ನಲಿಲ್ಲ."

"ನೋಡ್ತಿದ್ರಾ ಮದಿನಿ?"

"ನಾ ಅಕ್ಕಿ ಆರಿಸ್ತಿದ್ದೆ" ಎಂದಳು ಜೆಯಂತಿ. "ನೋಡ್ನಿಲ್ಲ."

"ಸುಳ್ಳೂ ಕಲ್ತೆಯಾ?" ಎಂದು ತೇನ್‌ಮೊಳಿ ಮಗಳ ಅಂಗೈ ಹಿಡಿದು ಇನ್ನೊಂದು ಕೊಟ್ಟಳು.

ಮುಚ್ಚಿಡುವುದೇನು, ಆ ಏಟು ಬಿದ್ದಾಗ ಜೆಯಂತಿಗೆ ಹಿತವಾಯಿತು. ಬೇಸಿಗೆಯಲ್ಲಿ ತಣ್ಣನೆ ಮಜ್ಜಿಗೆ ಕುಡಿದಷ್ಟು ಹಿತ. ಆ ಹಿತ ಎಷ್ಟು ಹೊತ್ತು ಇದ್ದೀತು? ಯಾಳಿನಿ ಕೈಯನ್ನು ಲಂಗದೊಳಗೆ ಸುತ್ತಿಕೊಂಡು, ಅಳುವನ್ನು ನುಂಗಿ, ಯಾರ ಮುಖವನ್ನೂ ನೋಡದೆ ಒಳಗೆ ಹೋಗುವವರೆಗೆ. ಆ ನಡಿಗೆ ಜೆಯಂತಿಗೆ ಗೊತ್ತಿತ್ತು. ಪಕ್ಕದ ಮನೆಯಿಂದ ತನ್ನ ಮನೆಗೆ ಅವಳೂ ಒಮ್ಮೆ ಹಾಗೆಯೇ ನಡೆದು ಬಂದಿದ್ದಳು.

ಮುತ್ತುಸೆಲ್ವಿ ಯಾರನ್ನೂ ಬೈಯಲಿಲ್ಲ. ಆರಿದ ಬೂದಿಯಲ್ಲಿ ಕೈಯಾಡಿಸಿ, ಗಡ್ಡೆಕಟ್ಟಿದ ಈಯವನ್ನು ಎತ್ತಿ ತೊಳೆದು ಒಳಗೆ ಒಯ್ದಳು.

ಆ ವಾರ ಮನೆಯಲ್ಲಿ ಊಟಗಳು ಬೇಗ ಮುಗಿದವು. ಯಾಳಿನಿ ಚೊಪ್ಪಿನ ಕಡೆ ತಲೆ ಹಾಕಲಿಲ್ಲ. ಜೆಯಂತಿ ಅವಳಿಗೆಂದು ಗುಳಿಯಪ್ಪದಂಥ ಪಣಿಯಾರ ಸುಟ್ಟಳು. ಬೆಲ್ಲ ಹಾಕಿ, ಕೊಬ್ಬರಿ ಹಾಕಿ, ಬಿಸಿಬಿಸಿಯಾಗಿ ತಟ್ಟೆಗಿಟ್ಟಳು.

"ಬ್ಯಾಡ."

"ನಿನ್ಗೆ ಇಷ್ಟ ತಾನೆ ಕಣ್ಣು?"

"ನೀ ಮಾಡಿದ್ದು ಬ್ಯಾಡ."

"ಮಗುವಿಗೆ ಏನಂದೆ?" ಎಂದು ಸುಂದರ್ ಕೇಳಿದ. "ನಾನೇನಂದೆ?" ಎಂದಳು ಜೆಯಂತಿ. ಹೌದು, ಅವಳು ಏನೂ ಅಂದಿರಲಿಲ್ಲ. ಗಂಡ ಫೋನು ಮಾಡಿ, "ಹೋಟ್ಲು ಇಡ್ಲಿ ತಿಂದು ಸಾಕಾಯ್ತು, ಯಾವಾಗ ಬತ್ತೀಯ?" ಎಂದಾಗ, "ಈ ವಾರವೇ ಬತ್ತೀನಿ" ಎಂದುಬಿಟ್ಟಳು.

ಹೊರಡುವ ಹಿಂದಿನ ದಿನ ಮುತ್ತುಸೆಲ್ವಿ ಮಿಕ್ಕ ಚೊಪ್ಪನ್ನೆಲ್ಲ ಒಂದು ಓಲೆಬುಟ್ಟಿಗೆ ತುಂಬಿ ಸುಂದರ್‌ನ ಕೈಯಲ್ಲಿ ಕೊಟ್ಟು, ಬೀದಿ ತುದಿಯ ಬಾಲವಾಡಿಗೆ ಕಳಿಸಿದಳು. ಕಲ್ಲಿನ ರುಬ್ಬುಗುಂಡೂ ಅದರಲ್ಲೇ ಹೋಯಿತು. ಜೆಯಂತಿ ಬಾಗಿಲಲ್ಲಿ ನಿಂತು ಬೈಕು ಮರೆಯಾಗುವವರೆಗೆ ನೋಡಿದಳು. ಖಾಲಿ ಬೀರುವಿನಲ್ಲಿ ತೇನ್‌ಮೊಳಿ ಮಗಳ ಸ್ಕೂಲು ಪುಸ್ತಕ ಜೋಡಿಸಿದಳು. ಮುಗಿಯಿತು, ಇನ್ನು ಆಸೆ ಪಡಲಿಕ್ಕೂ ಏನಿಲ್ಲ ಎಂದು ಜೆಯಂತಿ ಸೀರೆ ಮಡಿಸಿ ಬ್ಯಾಗಿಗೆ ತುಂಬಿದಳು.

ಮಾರನೆಯ ಬೆಳಿಗ್ಗೆ ದೇವರ ಮನೆಯ ಮುಂದೆ ಮಣೆ ಹಾಕಿ ಅವ್ವ ಅವಳನ್ನು ಕೂರಿಸಿದಳು. ತವರಿನಿಂದ ಹೊರಡುವ ಮಗಳಿಗೆ ತಟ್ಟೆ ಕೊಡುವ ಪದ್ಧತಿ. ತಟ್ಟೆಯಲ್ಲಿ ಇಟ್ಟದ್ದನ್ನು ಮಗಳು ಬೇಡ ಎನ್ನುವಂತಿಲ್ಲ. ವೀಳ್ಯದೆಲೆ, ಅರಿಶಿನ, ಬಾಳೆಹಣ್ಣು, ರವಿಕೆಯ ಬಟ್ಟೆ, ಅದರ ಮೇಲೆ ಒಂದು ಈಯದ ಗಡ್ಡೆ.

"ಇದೇನವ್ವ?"

"ಆಪರೇಸನ್ ಆದದ್ದು ನನ್ ಕಣ್ಣಿಗಾ, ನಿನ್ ಕಣ್ಣಿಗಾ? ನಿನ್ ಚೊಂಬು. ನೀ ಹುಟ್ಟಿದ ವರ್ಸ ಮಾಡಿಸಿದ್ದು, ನಿನ್ಗಲ್ದೆ ಯಾರ್ಗೆ? ನೀ ಬ್ಯಾಡ ಅಂದ್ರೂ ತಟ್ಟೇಲಿ ಇಟ್ಟು ಕೊಡನ ಅಂತ ತೊಳೆದು ಸಾಮಿ ಮುಂದೆ ಇಟ್ಟಿದ್ದೆ. ಅಷ್ಟ್ರಲ್ಲಿ ಮಗು ಎತ್ಕೊಂಡೋಯ್ತು."

ಜೆಯಂತಿ ಆ ಗಡ್ಡೆಯನ್ನು ಕೈಗೆ ತೆಗೆದುಕೊಂಡಳು. ತುಂಬ ಭಾರವಾಗಿತ್ತು. ಸುಳ್ಳು ಹೇಳಿದ ಬಾಯಿ ಇನ್ನು ತಡೆಯಲಿಲ್ಲ.

"ನಾ ನೋಡ್ತಾನೇ ಇದ್ದೆ ಅವ್ವ. ಕರಗ್ಲಿ ಅಂತಲೇ ಕುಂತಿದ್ದೆ."

"ಗೊತ್ತು."

"ಏನ್ ಗೊತ್ತು?"

"ಅಡುಗೆಮನೆ ಕಿಟಕೀಲಿ ನಾನಿದ್ದೆ. ಎಲ್ಲಾ ಕಾಣ್ತಿತ್ತು."

"ಕಂಡೂ ಸುಮ್ನಿದ್ಯಾ? ನೀನೊಂದು ಕೂಗು ಹಾಕ್ಬಾರ್ದಾ?"

"ನೀ ಕೂಗ್ತೀಯ ಅಂತ ಕಾದೆ ಕಣ್ಡಿ. ನೀ ಬಾಯಿ ತೆರೆದೆ, ಮುಚ್ಕೊಂಡೆ. ನನ್ಗೂ ರೋಸ ಬಂತು. ಚೊಂಬು ಕರಗೋ ತನಕ ನಿಂದೂ ಹಠ, ನಂದೂ ಹಠ."

"ಮಗು ಏಟು ತಿಂತಲ್ಲವ್ವ!"

"ತಿಂತು" ಎಂದಳು ಮುತ್ತುಸೆಲ್ವಿ. ಅವಳ ದನಿ ಇಳಿಯಿತು. "ನಮ್ಮಿಬ್ಬರ ಏಟು ಅದು ತಿಂತು."

ಹೊಸಿಲಿನ ಮೇಲೆ ಯಾಳಿನಿ ನಿಂತಿದ್ದಳು. ಯೂನಿಫಾರ್ಮ್ ಹಾಕಿ, ಒಂದು ಜಡೆ ಹೆಣೆಸಿಕೊಂಡಿದ್ದಳು, ಇನ್ನೊಂದು ಜಡೆ ಬಿಚ್ಚಿದ ಹಾಗೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಹಿಂದೆ ಬಾಚಣಿಗೆ ಹಿಡಿದ ತೇನ್‌ಮೊಳಿ ನಿಂತಿದ್ದಳು. ಜೆಯಂತಿ ಮಣೆಯಿಂದ ಎದ್ದು ಮಗುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಕಣ್ಣು, ನೀ ಸುಳ್ಳು ಹೇಳ್ನಿಲ್ಲ. ಸುಳ್ಳು ಹೇಳ್ದೋಳು ನಾನು."

ಯಾಳಿನಿ ತನ್ನ ಅಂಗೈ ನೋಡಿಕೊಂಡಳು. "ಹಂಗಾದ್ರೆ ಆ ಏಟು ನಿಂದಾ?"

"ನಂದೇ."

"ಕೈ ನೀಡು."

ಜೆಯಂತಿ ಅಂಗೈ ಬಿಚ್ಚಿ ನೀಡಿದಳು. ಮಗು ತುಟಿ ಕಚ್ಚಿ, ಇದ್ದ ಬಲವೆಲ್ಲ ಹಾಕಿ ಪಟಾರನೆ ಒಂದು ಕೊಟ್ಟಿತು. ಚುರ್ರೆಂದಿತು.

"ನನ್ಗೂ ಒಂದು ಕೊಡು ಕಣ್ಣು" ಎಂದು ಮುತ್ತುಸೆಲ್ವಿ ತನ್ನ ಸುಕ್ಕುಗಟ್ಟಿದ ಕೈ ಚಾಚಿದಳು. "ನಾನೂ ನೋಡ್ತಿದ್ದೆ."

ಯಾಳಿನಿ ಅಜ್ಜಿಯ ಕೈ ನೋಡಿದಳು, ಕಣ್ಣಿನ ಕಪ್ಪು ಕನ್ನಡಕ ನೋಡಿದಳು. "ಅಪ್ಪತ್ತಾಗೆ ನಾ ಹೊಡಿಯಲ್ಲ, ಹೋಗು. ಅತ್ತೆ, ನೀನೇ ಕೊಡು."

ಯಾರೂ ನಗಲಿಲ್ಲ. ಚಾಚಿದ ಕೈಯನ್ನು ಮುತ್ತುಸೆಲ್ವಿ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಜೆಯಂತಿ ಎಡಗೈಯಲ್ಲಿ ಅವ್ವನ ಬೆರಳುಗಳನ್ನು ಹಿಡಿದುಕೊಂಡಳು, ಬಲಗೈ ಎತ್ತಿದಳು, ಆ ಅಂಗೈ ಮೇಲೆ ಒಂದು ಕೊಟ್ಟಳು. ಮೆಲ್ಲಗೇನೂ ಅಲ್ಲ.

"ಔದು" ಎಂದಳು ಮುದುಕಿ ಕೈ ಉಜ್ಜಿಕೊಳ್ಳುತ್ತ. "ಇದು ಬಾಕಿ ಇತ್ತು."

ಆಮೇಲೆ ಅವಳು ಮಗಳ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದಳು. "ಹೋಗಿ ಒಂದು ಲೋಟ ಕಾಪಿ ಕಾಸಡಿ. ಬಸ್ಸು ಇನ್ನೊಂದು ಬತ್ತದೆ."